ಟ್ಯಾಂಕ್ ಗೇಮ್‌ನಲ್ಲಿ ಹಿಟ್ ಪಾಯಿಂಟ್ ಬಿಟ್ಟು ನಿಜವಾದ ಹಾನಿಯನ್ನು ತೋರಿಸುವುದು ಹೇಗೆ?

ಹೇಮಾವತಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ 1943ರ ಜುಲೈ ತಿಂಗಳ ಕುರ್ಸ್ಕ್ ಕದನವನ್ನು ಆಧರಿಸಿದ ಒಂದು ಟ್ಯಾಂಕ್ ಗೇಮ್ ಅನ್ನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೇವೆ. ಸೋವಿಯತ್ ಬದಿಯಲ್ಲಿ ಟಿ-34 ಮತ್ತು ಕೆವಿ-1, ಜರ್ಮನ್ ಬದಿಯಲ್ಲಿ ಪ್ಯಾಂಜರ್ 4, ಟೈಗರ್ ಮತ್ತು ಆ ಕದನದಲ್ಲೇ ಮೊದಲ ಬಾರಿಗೆ ರಣರಂಗಕ್ಕೆ ಇಳಿದ ಪ್ಯಾಂಥರ್ ಇವೆ. ಓಡಾಟ, ಗುರಿ ಹಿಡಿಯುವುದು, ಶೆಲ್‌ನ ಹಾರಾಟ ಇವೆಲ್ಲ ತಕ್ಕಮಟ್ಟಿಗೆ ಹದಕ್ಕೆ ಬಂದಿವೆ. ತೊಡಕಿರುವುದು ಶೆಲ್ ಟ್ಯಾಂಕ್‌ಗೆ ಬಡಿದ ಮೇಲೆ.

ಸದ್ಯಕ್ಕೆ ಪ್ರತಿಯೊಂದು ಟ್ಯಾಂಕ್‌ಗೂ ಇಷ್ಟು ಹಿಟ್ ಪಾಯಿಂಟ್ ಎಂದು ಕೊಟ್ಟಿದ್ದೇವೆ, ಹೊಡೆತ ಬಿದ್ದಂತೆಲ್ಲ ಅದು ಕಡಿಮೆಯಾಗುತ್ತಾ ಹೋಗುತ್ತದೆ, ಸೊನ್ನೆಗೆ ಬಂದಾಗ ಟ್ಯಾಂಕ್ ಸ್ಫೋಟಿಸುತ್ತದೆ. ಆಡಲು ಸುಲಭ, ಕೋಡ್ ಬರೆಯಲು ಇನ್ನೂ ಸುಲಭ. ಆದರೆ ಟೈಗರ್‌ನ ಮುಂದಿನ ತಗಡಿಗೆ ಸಾಕಷ್ಟು ಹೊಡೆತ ಕೊಟ್ಟರೆ ಸಾಕು, ಒಂದೂ ಒಳಗೆ ಹೋಗದಿದ್ದರೂ ಅದು ಸಾಯುತ್ತದೆ. ಇನ್ನೊಂದೆಡೆ ಮದ್ದುಗುಂಡಿನ ಗೂಡಿಗೇ ನೇರವಾಗಿ ನುಗ್ಗಿದ ಶೆಲ್ ಒಂದಿಷ್ಟು ಅಂಕ ಕಳೆದು ಸುಮ್ಮನಾಗುತ್ತದೆ. ಇದು ಆ ಕದನಕ್ಕೆ ಮಾಡುವ ನ್ಯಾಯವಲ್ಲ ಎಂಬುದು ನಮ್ಮ ಮೂವರ ಅಭಿಪ್ರಾಯ. ಹಿಟ್ ಪಾಯಿಂಟ್ ಅನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಅದರ ಜಾಗದಲ್ಲಿ ಏನನ್ನು ಇಡಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ತೋಪಖಾನೆ

ಹೇಮಾವತಿಯವರೇ, ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಶೆಲ್ ಎಲ್ಲಿ ಬಡಿಯಿತು, ಕವಚವನ್ನು ಭೇದಿಸಿತೇ ಇಲ್ಲವೇ, ಭೇದಿಸಿದ ಮೇಲೆ ಒಳಗೆ ಏನಾಯಿತು. ಬಹುತೇಕ ಗೇಮ್‌ಗಳು ಎರಡನೆಯದರ ಮೇಲೆ ಅಪಾರ ಶ್ರಮ ಹಾಕಿ ಮೂರನೆಯದನ್ನು ಒಂದು ಸಂಖ್ಯೆಗೆ ಇಳಿಸಿಬಿಡುತ್ತವೆ. ವರ್ಲ್ಡ್ ಆಫ್ ಟ್ಯಾಂಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ: ಅಲ್ಲಿ ಕೋನದ ಲೆಕ್ಕವಿದೆ, ಪುಟಿದು ಹೋಗುವ ನಿಯಮವಿದೆ, ಶೆಲ್‌ನ ವ್ಯಾಸವು ತಗಡಿನ ದಪ್ಪದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅದು ಪುಟಿಯುವುದೇ ಇಲ್ಲ ಎಂಬ ನಿಯಮವೂ ಇದೆ. ಆದರೆ ಒಳಹೊಕ್ಕ ನಂತರ ಆಗುವುದು ಮುಖ್ಯವಾಗಿ ಹಿಟ್ ಪಾಯಿಂಟ್‌ನ ಕಳೆಯುವ ಲೆಕ್ಕ. ಭೇದನ ಮತ್ತು ಹಾನಿ ಎರಡಕ್ಕೂ ಶೇಕಡಾ 25ರಷ್ಟು ಮೇಲೆ ಕೆಳಗೆ ಅದೃಷ್ಟದ ಆಟವನ್ನೂ ಸೇರಿಸಿದ್ದಾರೆ. ವಾರ್ ಥಂಡರ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಟ್ಯಾಂಕ್‌ಗೆ ಒಟ್ಟಾರೆ ಅಂಕ ಎಂಬುದಿಲ್ಲ. ಸಿಬ್ಬಂದಿ, ಎಂಜಿನ್, ತೋಪಿನ ಹಿಂಭಾಗ, ಮದ್ದುಗುಂಡು ಇವು ಒಂದೊಂದೂ ಬೇರೆ ಬೇರೆಯಾಗಿ ಪೆಟ್ಟು ತಿನ್ನುತ್ತವೆ.

ನನ್ನ ಸಲಹೆ ಸ್ಪಷ್ಟವಾಗಿದೆ. ನಿಮ್ಮದು ಚಿಕ್ಕ ತಂಡವಾದ್ದರಿಂದ ಶ್ರಮದ ಹೆಚ್ಚಿನ ಪಾಲನ್ನು ಮೂರನೆಯ ಪ್ರಶ್ನೆಗೆ ಮೀಸಲಿಡಿ. ಭೇದನದ ಸೂತ್ರ ಹತ್ತು ಮಿಲಿಮೀಟರ್ ಆಚೀಚೆಯಾದರೆ ಆಟಗಾರನಿಗೆ ತಿಳಿಯುವುದಿಲ್ಲ. ಗನ್ನರ್ ಸತ್ತ ಟ್ಯಾಂಕ್ ಮರುಕ್ಷಣವೇ ಏನೂ ಆಗದಂತೆ ಗುಂಡು ಹಾರಿಸಿದರೆ ಖಂಡಿತ ತಿಳಿಯುತ್ತದೆ.

ಭದ್ರಾವತಿ ಉಕ್ಕು

ತೋಪಖಾನೆಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕವಚವನ್ನು ಬರೀ ಮಿಲಿಮೀಟರ್ ಎಂದು ನೋಡಿದರೆ ಮೂರನೆಯ ಪ್ರಶ್ನೆಗೂ ತಪ್ಪು ಉತ್ತರ ಬರುತ್ತದೆ. ಉಕ್ಕಿನ ಪರೀಕ್ಷೆಯೇ ನನ್ನ ವೃತ್ತಿಯಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಟಿ-34ರ ಮುಂದಿನ ಇಳಿಜಾರು ತಗಡು 45 ಮಿ.ಮೀ. ದಪ್ಪವಿದ್ದು, ಲಂಬದಿಂದ 60 ಡಿಗ್ರಿ ಹಿಂದಕ್ಕೆ ವಾಲಿದೆ. ಅಡ್ಡಲಾಗಿ ಬರುವ ಶೆಲ್‌ನ ದಾರಿಯಲ್ಲಿ ಅಳೆದರೆ ಅದು 90 ಮಿ.ಮೀ. ಆಗುತ್ತದೆ, ಏಕೆಂದರೆ ದಪ್ಪವನ್ನು ಕೋನದ ಕೊಸೈನ್‌ನಿಂದ ಭಾಗಿಸಬೇಕು. ಪ್ಯಾಂಥರ್‌ನ 80 ಮಿ.ಮೀ. ತಗಡು 55 ಡಿಗ್ರಿಯಲ್ಲಿ ಸುಮಾರು 140 ಮಿ.ಮೀ. ಆಗುತ್ತದೆ. ಹಲವು ಗೇಮ್‌ಗಳು ಇಲ್ಲಿಗೇ ನಿಲ್ಲಿಸುತ್ತವೆ. ವಾಸ್ತವದಲ್ಲಿ ಇಳಿಜಾರಿನ ಪರಿಣಾಮ ಶೆಲ್‌ನ ವ್ಯಾಸಕ್ಕೂ ತಗಡಿನ ದಪ್ಪಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ತಗಡು ಶೆಲ್‌ಗಿಂತ ದಪ್ಪವಾಗಿದ್ದರೆ ಇಳಿಜಾರು ಕೊಸೈನ್ ಲೆಕ್ಕಕ್ಕಿಂತಲೂ ಹೆಚ್ಚು ರಕ್ಷಣೆ ಕೊಡುತ್ತದೆ. ತಗಡು ಶೆಲ್‌ಗಿಂತ ತೆಳುವಾದಂತೆಲ್ಲ ಆ ಲಾಭ ಕರಗುತ್ತಾ ಹೋಗುತ್ತದೆ. 1941ರಲ್ಲಿ 37 ಮಿ.ಮೀ. ತೋಪಿನ ಎದುರು ಅಜೇಯವೆನಿಸಿದ ಅದೇ 45 ಮಿ.ಮೀ. ತಗಡು, 1943ರಲ್ಲಿ ಪ್ಯಾಂಜರ್ 4ರ ಉದ್ದನಳಿಗೆಯ 75 ಮಿ.ಮೀ. ಮತ್ತು ಟೈಗರ್‌ನ 88 ಮಿ.ಮೀ. ತೋಪುಗಳ ಎದುರು ಅಷ್ಟು ಬೇಗ ಸೋತದ್ದಕ್ಕೆ ಇದೂ ಒಂದು ಕಾರಣ. 88ರ ಶೆಲ್ 10.2 ಕೆ.ಜಿ. ತೂಗುತ್ತದೆ, ಸೆಕೆಂಡಿಗೆ 773 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಅಷ್ಟು ತೂಕದ ಎದುರು ತೆಳುವಾದ ಗಟ್ಟಿ ತಗಡು ಬಾಗುವುದಿಲ್ಲ, ಒಡೆಯುತ್ತದೆ.

ಎರಡನೆಯ ವಿಷಯ ಗಡಸುತನ. ಸೋವಿಯತ್ ಕಾರ್ಖಾನೆಗಳು ಟಿ-34ಕ್ಕೆ ಬಳಸಿದ ಉಕ್ಕು ಬಹಳ ಗಡಸಾಗಿತ್ತು, ಬ್ರಿನೆಲ್ ಮಾಪನದಲ್ಲಿ 400ಕ್ಕೂ ಮೇಲೆ. ಅಮೆರಿಕದವರು ತಮ್ಮ ಶೆರ್ಮನ್ ಟ್ಯಾಂಕ್‌ಗೆ ಬಳಸಿದ್ದು ಅದಕ್ಕಿಂತ ಎಷ್ಟೋ ಮೃದುವಾದ ಉಕ್ಕು. ಗಡಸು ಉಕ್ಕು ಸಣ್ಣ ಶೆಲ್ ಅನ್ನು ಚೂರು ಮಾಡಬಲ್ಲದು, ಆದರೆ ದೊಡ್ಡ ಪೆಟ್ಟಿಗೆ ಒಳಮೈಯಿಂದ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಕೆಲವೊಮ್ಮೆ ಶೆಲ್ ಒಳಗೆ ಬರದಿದ್ದರೂ ಚಕ್ಕೆಗಳು ಒಳಗಿನವರನ್ನು ಗಾಯಗೊಳಿಸುತ್ತವೆ. ಹಾಗಾಗಿ ನಿಮ್ಮ ಪ್ರತಿಯೊಂದು ತಗಡಿಗೂ ದಪ್ಪದ ಜೊತೆಗೆ ಗಡಸುತನವನ್ನೋ, ಕನಿಷ್ಠ "ಚಕ್ಕೆ ಏಳುವ ಸ್ವಭಾವ" ಎಂಬ ಒಂದು ಗುಣಾಂಕವನ್ನೋ ಕೊಡಿ. ಅಷ್ಟು ಮಾಡಿದರೆ ಟಿ-34 ಮತ್ತು ಪ್ಯಾಂಜರ್ 4 ಒಂದೇ ಬಗೆಯಲ್ಲಿ ಸಾಯುವುದು ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆ. ಬೇರೆ ಬೇರೆ ದೇಶಗಳ ಭೇದನ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೇರವಾಗಿ ಗೇಮ್‌ಗೆ ಹಾಕಬೇಡಿ. "ಭೇದಿಸಿತು" ಎಂಬುದರ ಅರ್ಥವೇ ಅವರವರಲ್ಲಿ ಬೇರೆಯಾಗಿತ್ತು. ಒಬ್ಬರಿಗೆ ಅರ್ಧದಷ್ಟು ಹೊಡೆತಗಳು ದಾಟಿದರೆ ಸಾಕು, ಸೋವಿಯತ್ ಕೋಷ್ಟಕದ ಖಾತರಿ ಅಂಕಿಗೆ ಶೇಕಡಾ 80ರ ಮಾನದಂಡವಿತ್ತು. ಪರೀಕ್ಷೆಗೆ ಬಳಸಿದ ತಗಡೂ ಒಂದೇ ಅಲ್ಲ. ಶೆಲ್‌ನ ತೂಕ, ವೇಗ, ವ್ಯಾಸ ಇಷ್ಟನ್ನೇ ತೆಗೆದುಕೊಂಡು ದೆ ಮಾರ್ ಸೂತ್ರದಂತಹ ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯುವುದು ಹೆಚ್ಚು ನ್ಯಾಯಯುತ.

ಸಂಜೆಮಲ್ಲಿಗೆ

ನಾನು ಗೇಮ್ ಕಟ್ಟುವವಳಲ್ಲ, ಆಡುವವಳು. ಮೇಲಿನ ಎರಡೂ ಬರಹಗಳನ್ನು ಆಸಕ್ತಿಯಿಂದ ಓದಿದೆ. ಆಟಗಾರರ ಪರವಾಗಿ ಒಂದು ಮಾತು ಹೇಳಲೇಬೇಕು. ಇಂತಹ ಗೇಮ್‌ಗಳಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವುದು ಸಾಯುವುದಲ್ಲ, ಏಕೆ ಸತ್ತೆ ಎಂದು ತಿಳಿಯದೆ ಹೋಗುವುದು. ಒಳಗೆ ಎಷ್ಟೇ ಸೂಕ್ಷ್ಮ ಲೆಕ್ಕ ನಡೆದಿರಲಿ, ಪರದೆಯ ಮೇಲೆ ಬರೀ "ಟ್ಯಾಂಕ್ ನಾಶವಾಯಿತು" ಎಂದು ಬಂದರೆ ಆ ಲೆಕ್ಕಕ್ಕೂ ಪಗಡೆ ಉರುಳಿಸುವುದಕ್ಕೂ ನನ್ನ ಪಾಲಿಗೆ ವ್ಯತ್ಯಾಸವಿರುವುದಿಲ್ಲ. ಹಿಟ್ ಪಾಯಿಂಟ್‌ನಲ್ಲಿ ಒಂದು ಪ್ರಾಮಾಣಿಕತೆಯಾದರೂ ಇದೆ: ನನಗಿನ್ನು ಎಷ್ಟು ಉಳಿದಿದೆ ಎಂಬುದು ಕಣ್ಣೆದುರೇ ಇರುತ್ತದೆ. ಅದನ್ನು ತೆಗೆದುಹಾಕುವವರು ಅದರ ಬದಲಿಗೆ ನನಗೆ ತಿಳಿವಳಿಕೆಯನ್ನು ಕೊಡಬೇಕು.

ಹೇಮಾವತಿ

ಮೂವರಿಗೂ ಧನ್ಯವಾದಗಳು. ಈ ಸಲಹೆಗಳ ಆಧಾರದ ಮೇಲೆ ಒಂದು ಪ್ರಾಯೋಗಿಕ ಆವೃತ್ತಿ ಮಾಡಿದ್ದೇವೆ. ಒಂದು ಹೊಡೆತವನ್ನು ಹಂತ ಹಂತವಾಗಿ ವಿವರಿಸುತ್ತೇನೆ, ಎಲ್ಲಿ ಸರಿಪಡಿಸಬೇಕು ಎಂದು ಹೇಳಿ.

600 ಮೀಟರ್ ದೂರದಿಂದ ಪ್ಯಾಂಜರ್ 4 ಹಾರಿಸಿದ 75 ಮಿ.ಮೀ. ಶೆಲ್, ಟಿ-34ರ ಬಲಪಕ್ಕದ ಮೇಲ್ಭಾಗಕ್ಕೆ ಬಡಿಯುತ್ತದೆ. ಅಲ್ಲಿ ತಗಡು 45 ಮಿ.ಮೀ., ಇಳಿಜಾರು 40 ಡಿಗ್ರಿ, ದಾರಿಯಲ್ಲಿ ಅಳೆದರೆ ಸುಮಾರು 59 ಮಿ.ಮೀ. ಶೆಲ್ ಭೇದಿಸುತ್ತದೆ, ಅದರ ಉಳಿದ ಶಕ್ತಿಯನ್ನು ಲೆಕ್ಕ ಹಾಕುತ್ತೇವೆ. ತೂತಿನ ಬಾಯಿಂದ ಒಳಮುಖವಾಗಿ ಒಂದು ಶಂಕುವಿನ ಆಕಾರದಲ್ಲಿ ಹಲವಾರು ಕಿರಣಗಳನ್ನು ಎಸೆಯುತ್ತೇವೆ, ಪ್ರತಿ ಕಿರಣವೂ ಒಂದು ಚೂರು. ಶಂಕುವಿನ ನಡುವಿನ ಚೂರುಗಳಿಗೆ ಹೆಚ್ಚು ಶಕ್ತಿ, ಅಂಚಿನವಕ್ಕೆ ಕಡಿಮೆ. ಟಿ-34ರಲ್ಲಿ ಆ ತಗಡಿನ ಹಿಂದೆಯೇ ಡೀಸೆಲ್ ಟ್ಯಾಂಕ್ ಇರುವುದರಿಂದ ಮೊದಲ ಚೂರುಗಳು ಅದಕ್ಕೆ ತಗುಲುತ್ತವೆ. ಅದನ್ನು ದಾಟಿದವು ತೋಪಿಗೆ ಶೆಲ್ ತುಂಬುವ ಲೋಡರ್‌ನ ಕಾಲಿಗೆ, ಆತನ ಪಾದದ ಕೆಳಗೆ ಪೆಟ್ಟಿಗೆಗಳಲ್ಲಿರುವ ಶೆಲ್‌ಗಳಿಗೆ ಹೋಗುತ್ತವೆ. ಸದ್ಯ ನಮ್ಮಲ್ಲಿ ಡೀಸೆಲ್ ಟ್ಯಾಂಕ್ ಕೆಲವು ಚೂರುಗಳನ್ನು ನುಂಗಿ ಒಳಗಿನವರನ್ನು ಉಳಿಸುತ್ತದೆ, ಕೆಲವೊಮ್ಮೆ ಬೆಂಕಿ ಹತ್ತುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು. ಚೂರು ತಗುಲಿದ ಮದ್ದುಗುಂಡು ಯಾವಾಗ ಸಿಡಿಯಬೇಕು? ಮತ್ತು ಟ್ಯಾಂಕ್ "ಸತ್ತಿತು" ಎಂದು ಯಾವಾಗ ಘೋಷಿಸಬೇಕು? ಒಟ್ಟು ಅಂಕವೇ ಇಲ್ಲದ ಮೇಲೆ ಸಾವಿನ ಗೆರೆಯನ್ನು ಎಲ್ಲಿ ಎಳೆಯುವುದು ಎಂಬಲ್ಲಿ ನಮ್ಮಲ್ಲೇ ಒಮ್ಮತವಿಲ್ಲ.

ತೋಪಖಾನೆ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಮದ್ದುಗುಂಡಿನ ವಿಷಯದಲ್ಲಿ ಎಲ್ಲರೂ ಓದಬೇಕಾದದ್ದು ಶೆರ್ಮನ್‌ನ ಕಥೆ. ಆರಂಭದ ಶೆರ್ಮನ್‌ಗಳಲ್ಲಿ ಶೆಲ್‌ಗಳನ್ನು ಟ್ರ್ಯಾಕ್‌ನ (ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ) ಮೇಲಿನ ಪಕ್ಕದ ಗೂಡುಗಳಲ್ಲಿ ಜೋಡಿಸುತ್ತಿದ್ದರು. ಆ ಟ್ಯಾಂಕ್‌ಗಳು ಪೆಟ್ಟು ತಿಂದ ಕೂಡಲೇ ಉರಿಯುತ್ತಿದ್ದವು, ತಪ್ಪನ್ನು ಬಹಳ ಜನ ಪೆಟ್ರೋಲ್ ಎಂಜಿನ್ ಮೇಲೆ ಹಾಕಿದರು. 1944ರಲ್ಲಿ ಶೆಲ್‌ಗಳನ್ನು ನೆಲಮಟ್ಟಕ್ಕೆ ಇಳಿಸಿ, ಗೂಡುಗಳ ಸುತ್ತ ನೀರು ಮತ್ತು ಗ್ಲಿಸರಿನ್ ತುಂಬಿದ ಪೊಳ್ಳು ಗೋಡೆ ಇಟ್ಟ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಸೇನೆಯ ಅಧ್ಯಯನದ ಪ್ರಕಾರ ಹಳೆಯ ಜೋಡಣೆಯ ಟ್ಯಾಂಕ್‌ಗಳಲ್ಲಿ ಪೆಟ್ಟು ತಿಂದವುಗಳ ಪೈಕಿ ಶೇಕಡಾ 60ರಿಂದ 80 ಉರಿದರೆ, ಹೊಸ ಜೋಡಣೆಯಲ್ಲಿ ಅದು 10ರಿಂದ 15ಕ್ಕೆ ಇಳಿಯಿತು. ಎಂಜಿನ್ ಅದೇ, ಪೆಟ್ರೋಲ್ ಅದೇ. ಬದಲಾದದ್ದು ಮದ್ದುಗುಂಡು ಇದ್ದ ಜಾಗ.

ಇದರಿಂದ ನಿಮ್ಮ ಮಾದರಿಗೆ ಸಿಗುವ ಪಾಠವೆಂದರೆ, ಒಳಗಿನ ವಸ್ತುಗಳನ್ನು ಅವು ನಿಜವಾಗಿ ಇದ್ದ ಜಾಗದಲ್ಲೇ ಇಡಿ. ಆಗ ಅರ್ಧ ಕೆಲಸ ತಾನಾಗಿ ಆಗುತ್ತದೆ. ಟೈಗರ್‌ನ 92 ಶೆಲ್‌ಗಳಲ್ಲಿ ಬಹುಪಾಲು ಪಕ್ಕದ ಗೂಡುಗಳಲ್ಲಿದ್ದವು. ಟೈಗರ್ ಅನ್ನು ಪಕ್ಕದಿಂದ ಹೊಡೆಯಬೇಕು ಎಂದು ಆಟಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೊತೆಗೆ ಶೆಲ್ ಎಷ್ಟು ಖರ್ಚಾಗಿದೆ ಎಂಬುದನ್ನೂ ಗಮನಿಸಿ. ಖಾಲಿಯಾದ ಗೂಡಿಗೆ ಚೂರು ಬಡಿದರೆ ಏನೂ ಸಿಡಿಯಬಾರದು. ಸಿಡಿಯುವುದರಲ್ಲೂ ಎರಡು ಬಗೆ ಇದೆ: ಹೆಚ್ಚಿನ ಸಲ ಮೊದಲು ಹತ್ತಿಕೊಳ್ಳುವುದು ಶೆಲ್‌ನ ಕೊಳವೆಯೊಳಗಿನ ನೋದನ ಮದ್ದು. ಅದು ಕೆಲವು ಕ್ಷಣ ಭರ್ರೆಂದು ಉರಿಯುತ್ತದೆ, ಸಿಬ್ಬಂದಿಗೆ ಹಾರಿ ಹೊರಬರಲು ಚೂರು ಅವಕಾಶವಿರುತ್ತದೆ. ಟರೆಟ್, ಅಂದರೆ ತೋಪನ್ನು ಹೊತ್ತು ತಿರುಗುವ ಮೇಲ್ಭಾಗ, ಹಾರಿಹೋಗುವಂತಹ ಸ್ಫೋಟ ಅದರ ನಂತರದ ಮಾತು. ಎಲ್ಲದಕ್ಕೂ ತಕ್ಷಣದ ಮಹಾಸ್ಫೋಟ ಇಡುವುದು ನೋಡಲು ಚೆಂದ, ನಿಜದಿಂದ ದೂರ.

ಎರಡನೆಯ ಪ್ರಶ್ನೆಗೆ, ಈ ವೇದಿಕೆಯಲ್ಲಿರುವ ಹಳೆಯ ಸವಾರರು ಉತ್ತರಿಸಿದರೆ ಚೆನ್ನ.

ಹಳೆಯ ಸವಾರ

ಕರೆದದ್ದಕ್ಕೆ ಸಂತೋಷ. ನಾನು ಟಿ-55 ಟ್ಯಾಂಕ್‌ನಲ್ಲಿ ಸೇವೆ ಸಲ್ಲಿಸಿದವನು, ಗೇಮ್‌ಗಳನ್ನು ಮೊಮ್ಮಕ್ಕಳ ಜೊತೆ ಕುಳಿತು ನೋಡುತ್ತೇನೆ. ನಿಮ್ಮ ಚರ್ಚೆಯ ಗಾಂಭೀರ್ಯ ನನಗೆ ಹಿಡಿಸಿತು.

ಟ್ಯಾಂಕ್ ಸತ್ತಿತೇ ಇಲ್ಲವೇ ಎಂದು ಸೈನ್ಯದಲ್ಲಿ ಕೇಳುವುದಿಲ್ಲ. ಅದು ಓಡಬಲ್ಲದೇ, ಗುಂಡು ಹಾರಿಸಬಲ್ಲದೇ ಎಂದು ಕೇಳುತ್ತೇವೆ. ಹಾನಿಯ ತಜ್ಞರು ಇದನ್ನು ಮೂರಾಗಿ ವಿಂಗಡಿಸುತ್ತಾರೆ: ಚಲನೆ ಹೋದದ್ದು, ಗುಂಡಿನ ಬಲ ಹೋದದ್ದು, ಮತ್ತೆ ದುರಸ್ತಿಯೇ ಸಾಧ್ಯವಿಲ್ಲದಂತೆ ಪೂರ್ತಿ ನಾಶವಾದದ್ದು. ಮೊದಲ ಎರಡು ಒಂದಕ್ಕೊಂದು ಅಂಟಿಕೊಂಡಿಲ್ಲ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಸೆಂಚುರಿಯನ್ ಟ್ಯಾಂಕ್‌ಗೆ ಪೆಟ್ಟು ಬಿದ್ದು ಬೆಂಕಿ ಹತ್ತಿತು. ಟ್ಯಾಂಕ್ ಬಿಟ್ಟು ಬರುವಂತೆ ರೇಡಿಯೋದಲ್ಲಿ ಆದೇಶ ಬಂದಾಗ, ತನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂಬ ಕಾರಣಕ್ಕೆ ಅವರು ಹೊರಬರಲಿಲ್ಲ, ಹೋರಾಡುತ್ತಲೇ ಮತ್ತೊಂದು ಪೆಟ್ಟಿಗೆ ವೀರಮರಣ ಹೊಂದಿದರು. ಅವರಿಗೆ ಆಗ 21 ವರ್ಷ, ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಹಿಟ್ ಪಾಯಿಂಟ್ ಇರುವ ಗೇಮ್‌ನಲ್ಲಿ ಆ ಟ್ಯಾಂಕ್‌ನ ಸ್ಥಿತಿ "ಶೇಕಡಾ ಇಷ್ಟು ಉಳಿದಿದೆ" ಎಂದಾಗುತ್ತಿತ್ತು. ಉರಿಯುತ್ತಿರುವ ಟ್ಯಾಂಕ್‌ನಲ್ಲಿ ತೋಪು ಮಾತ್ರ ಬದುಕಿದೆ ಎಂಬ ಆ ಒಂದು ಸ್ಥಿತಿಯನ್ನೂ, ಅಲ್ಲಿ ಮನುಷ್ಯ ಮಾಡಬೇಕಾದ ಆಯ್ಕೆಯನ್ನೂ ಸಂಖ್ಯೆ ಹೇಳಲಾರದು. ನಿಮ್ಮ ಗೇಮ್ ಅದನ್ನು ಹೇಳುವಂತಾದರೆ ನನಗೆ ಬಹಳ ಸಂತೋಷವಾಗುತ್ತದೆ.

ಇನ್ನು ಟ್ಯಾಂಕ್‌ಗಳು ಕಳೆದುಹೋಗುವುದು ಗುಂಡಿನಿಂದ ಮಾತ್ರವಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಮ್ಮವರು ಹೊಲಗಳಿಗೆ ನೀರು ಹರಿಸಿದ್ದರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೂತುಕೊಂಡವು. ಅಲ್ಲಾಡಲಾಗದ ಟ್ಯಾಂಕ್‌ನಿಂದ ಸಿಬ್ಬಂದಿ ಇಳಿದು ಹೋದದ್ದೂ ಉಂಟು, ಸುಸ್ಥಿತಿಯಲ್ಲೇ ಕೈಗೆ ಸಿಕ್ಕ ಟ್ಯಾಂಕ್‌ಗಳೂ ಹಲವು. ಅದೇ ಕದನದಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಅವರು ಜೀಪಿನ ಮೇಲೆ ಕಟ್ಟಿದ ರಿಕಾಯಿಲ್‌ಲೆಸ್ (ಹಿಂದಕ್ಕೆ ಒದೆಯದ) ತೋಪಿನಿಂದ ಪ್ಯಾಟನ್‌ಗಳನ್ನು ಒಂದೊಂದಾಗಿ ಹೊಡೆದರು. ನಿಮ್ಮ ಕುರ್ಸ್ಕ್‌ನಲ್ಲೂ ಹೀಗೆಯೇ. ಹೊಸ ಪ್ಯಾಂಥರ್‌ಗಳಲ್ಲಿ ಎಷ್ಟೋ ಯಂತ್ರದ ತೊಂದರೆಯಿಂದ ನಿಂತುಹೋದವು, ಕೆಲವಕ್ಕೆ ಯುದ್ಧಭೂಮಿ ಮುಟ್ಟುವ ಮೊದಲೇ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತ್ತು. ಹಾನಿಯ ಮಾದರಿ ಎಂದರೆ ಶತ್ರುವಿನ ಶೆಲ್ ಮಾತ್ರ ಎಂದುಕೊಳ್ಳಬೇಡಿ.

ಸಿಬ್ಬಂದಿಯ ಬಗ್ಗೆ. ಒಳಗಿನ ಪ್ರತಿಯೊಬ್ಬನೂ ಒಂದು ಕೆಲಸ. ನಿಮ್ಮ ಟಿ-34ರಲ್ಲಿ ನಾಲ್ಕೇ ಜನ, ಟರೆಟ್‌ನಲ್ಲಿ ಇಬ್ಬರು. ಕಮಾಂಡರ್ ತಾನೇ ಗುರಿಯಿಟ್ಟು ತಾನೇ ಗುಂಡು ಹಾರಿಸಬೇಕು. ಆತ ಬಿದ್ದರೆ ಟ್ಯಾಂಕ್ ಒಂದೇ ಏಟಿಗೆ ಕುರುಡಾಗುತ್ತದೆ, ತೋಪೂ ಮೌನವಾಗುತ್ತದೆ. ಜರ್ಮನ್ ಟ್ಯಾಂಕ್‌ನಲ್ಲಿ ಐವರಿದ್ದು ಕಮಾಂಡರ್‌ಗೆ ನೋಡುವುದೊಂದೇ ಕೆಲಸವಾದ್ದರಿಂದ ಒಬ್ಬನ ನಷ್ಟವನ್ನು ಇನ್ನೊಬ್ಬ ಸ್ವಲ್ಪ ಹೊತ್ತು ತುಂಬಬಲ್ಲ. ಆದರೆ ಲೋಡರ್ ಜಾಗಕ್ಕೆ ರೇಡಿಯೋದವನು ಬರಬೇಕಾದರೆ ಗಾಯಗೊಂಡವನನ್ನು ಸರಿಸಿ, ತೋಪಿನ ಹಿಂಭಾಗವನ್ನು ತಪ್ಪಿಸಿ, ಆ ಇಕ್ಕಟ್ಟಿನಲ್ಲಿ ತೂರಿಕೊಂಡು ಬರಬೇಕು. ಗೇಮ್‌ಗಳಲ್ಲಿ ಇದು ಕೆಲವೇ ಸೆಕೆಂಡುಗಳ ಕೆಲಸ. ಒಮ್ಮೆ ಒಳಗೆ ಕುಳಿತವರಿಗೆ ಅದನ್ನು ನಂಬಲಾಗುವುದಿಲ್ಲ.

ಟಿ-55ರಲ್ಲಿ ಡ್ರೈವರ್‌ನ ಬಲಕ್ಕೆ ಒಂದು ಡೀಸೆಲ್ ಟ್ಯಾಂಕ್ ಇದೆ, ಅದರಲ್ಲೇ ಕೊಳವೆಯಂತಹ ತೂತುಗಳು, ಆ ತೂತುಗಳಲ್ಲಿ ಶೆಲ್‌ಗಳು. ಇಂಧನ ಮತ್ತು ಮದ್ದುಗುಂಡಿನ ಜೊತೆ ಭುಜ ತಾಗಿಸಿಕೊಂಡು ಆತ ಓಡಿಸುತ್ತಾನೆ. ನಕ್ಷೆಯಲ್ಲಿ ಇದನ್ನು ನೋಡದೆ ಟಿ-55 ಅನ್ನು ಗೇಮ್‌ಗೆ ತಂದವರು ಅದರ ಮುಂಭಾಗದ ಬಲ ಮತ್ತು ಎಡ ಒಂದೇ ಎಂದು ತಿಳಿಯುತ್ತಾರೆ.

ಸಂಜೆಮಲ್ಲಿಗೆ

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಟ್ರ್ಯಾಕ್ ದುರಸ್ತಿಯ ಬಗ್ಗೆಯೂ ಹೇಳುವಿರಾ? ಗೇಮ್‌ಗಳಲ್ಲಿ ಟ್ರ್ಯಾಕ್ ತುಂಡಾದರೆ ಒಂದು ಗುಂಡಿ ಒತ್ತಿ ಕಾದರೆ ಸಾಕು, ತಾನಾಗಿ ಸರಿಯಾಗುತ್ತದೆ.

ಹಳೆಯ ಸವಾರ

ತಂಗಿ, ಕೆಸರಿನಲ್ಲಿ ಬಿಚ್ಚಿಹೋದ ಟ್ರ್ಯಾಕ್ ಎಂದರೆ ಇಡೀ ಸಿಬ್ಬಂದಿ ಹೊರಗಿಳಿದು ಮಾಡಬೇಕಾದ ಕೆಲಸ. ಮುರಿದ ತುಂಡನ್ನು ತೆಗೆಯಬೇಕು, ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಹೊರತೆಗೆಯಬೇಕು, ಟ್ರ್ಯಾಕ್ ಅನ್ನು ಚಕ್ರಗಳ ಮೇಲೆ ಎಳೆದುಕೊಂಡು ಎರಡು ತುದಿಗಳ ತೂತುಗಳನ್ನು ಕಣ್ಣಳತೆಯಲ್ಲಿ ಕೂಡಿಸಿ ಹೊಸ ಪಿನ್ನು ಬಡಿಯಬೇಕು. ಒಬ್ಬ ಕೈ ಸನ್ನೆ ಮಾಡುತ್ತಾನೆ, ಡ್ರೈವರ್ ಗೇಣುಗೇಣಾಗಿ ಟ್ಯಾಂಕ್ ಸರಿಸುತ್ತಾನೆ. ಶತ್ರುವಿನ ಕಣ್ಣೆದುರು ಇದು ಆಗದ ಮಾತು. ಟಿ-34ರಲ್ಲಿ ಪಿನ್ನುಗಳಿಗೆ ಬಿಗಿಯುವ ನಟ್ಟೇ ಇರಲಿಲ್ಲ. ಒಳಕ್ಕೆ ಸರಿದ ಪಿನ್ನನ್ನು ಹಲ್‌ನ (ಟ್ಯಾಂಕ್‌ನ ಕೆಳಮೈ) ಹಿಂಬದಿಗೆ ಬೆಸೆದ ಓರೆಪಟ್ಟಿಯೊಂದು ಪ್ರತಿ ಸುತ್ತಿನಲ್ಲೂ ಮತ್ತೆ ಹೊರಕ್ಕೆ ತಳ್ಳುತ್ತಿತ್ತು. ಎಷ್ಟು ಸರಳ, ಎಷ್ಟು ಜಾಣ ಉಪಾಯ ನೋಡಿ.

ಕೆ.ಆರ್.ಪುರಂ ಕೋಡರ್

ತಾಂತ್ರಿಕವಾಗಿ ಒಂದೆರಡು ಮಾತು. ಚೂರುಗಳ ಕಿರಣ ಎಸೆಯುವುದು ಸರ್ವರ್‌ಗೆ ಭಾರವಾಗುತ್ತದೆ ಎಂಬ ಹೆದರಿಕೆ ಬೇಡ. ಶೆಲ್ ಬಡಿದಾಗ ಮಾತ್ರ ಆ ಲೆಕ್ಕ ನಡೆಯುತ್ತದೆ, ಪ್ರತಿ ಫ್ರೇಮ್‌ನಲ್ಲಿ ಅಲ್ಲ. ಕಣ್ಣಿಗೆ ಕಾಣುವ ಮಾದರಿಯನ್ನು ಲೆಕ್ಕಕ್ಕೆ ಬಳಸಬೇಡಿ, ಕವಚಕ್ಕೆ ಮತ್ತು ಒಳಗಿನ ವಸ್ತುಗಳಿಗೆ ಪ್ರತ್ಯೇಕವಾದ ಸರಳ ಮಾದರಿ ಮಾಡಿ. ತೀರ್ಪು ಯಾವಾಗಲೂ ಸರ್ವರ್‌ನದ್ದೇ ಆಗಿರಲಿ, ಆಟಗಾರನ ಯಂತ್ರ ಅದನ್ನು ತೋರಿಸಲಿ ಅಷ್ಟೇ. ಚೂರುಗಳ ದಿಕ್ಕಿಗೆ ಬಳಸಿದ ಯಾದೃಚ್ಛಿಕ ಸಂಖ್ಯೆಯ ಬೀಜವನ್ನು (ಅದೇ ಸಂಖ್ಯೆಗಳನ್ನು ಮತ್ತೆ ಹುಟ್ಟಿಸುವ ಮೂಲ ಅಂಕಿ) ಕಳುಹಿಸಿದರೆ ಸಾಕು, ಇಡೀ ಹೊಡೆತವನ್ನು ಆಟಗಾರನಿಗೆ ಮತ್ತೆ ಆಡಿ ತೋರಿಸಬಹುದು. ಸಂಜೆಮಲ್ಲಿಗೆಯವರು ಕೇಳಿದ ತಿಳಿವಳಿಕೆ ಅಲ್ಲಿಂದಲೇ ಸಿಗುತ್ತದೆ.

ಇನ್ನೊಂದು, ಶೆಲ್ ಅನ್ನು ದಪ್ಪವೇ ಇಲ್ಲದ ಗೆರೆಯಾಗಿ ಎಣಿಸಿದರೆ ಎರಡು ತಗಡುಗಳ ನಡುವಿನ ಕೂದಲೆಳೆಯ ಸಂದಿಯಲ್ಲಿ ಅದು ನುಸುಳಿಬಿಡುತ್ತದೆ. 75 ಮಿ.ಮೀ. ವ್ಯಾಸದ ಉಕ್ಕು ಹಾಗೆ ನುಸುಳಲಾರದು. ವ್ಯಾಸದಷ್ಟು ದಪ್ಪದ ಆಕಾರವನ್ನೇ ಎಸೆದು, ಅದು ತಾಗಿದ ಎಲ್ಲ ತಗಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತೋಪಖಾನೆ

ಅದೃಷ್ಟದ ವಿಷಯ ಬಂದದ್ದರಿಂದ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಕೆಲವರು ನೈಜತೆಯೆಂದರೆ ಅದೃಷ್ಟವೇ ಇರಬಾರದು ಎನ್ನುತ್ತಾರೆ. ಪರೀಕ್ಷಾ ಮೈದಾನದಲ್ಲೂ ಒಂದೇ ತೋಪು, ಒಂದೇ ತಗಡು, ಒಂದೇ ದೂರವಿದ್ದಾಗ ಕೆಲವು ಶೆಲ್‌ಗಳು ದಾಟುತ್ತವೆ, ಕೆಲವು ನಿಲ್ಲುತ್ತವೆ. ಅರ್ಧದಷ್ಟು ದಾಟುವ ವೇಗವನ್ನೇ ಕವಚದ ಮಿತಿ ಎಂದು ಅಳೆಯುವ ಪದ್ಧತಿ ಇರುವುದೂ ಅದಕ್ಕೇ. ಹಾಗಾಗಿ ಮಿತಿಯ ಆಸುಪಾಸಿನಲ್ಲಿ ಕಿರಿದಾದ ಅನಿಶ್ಚಿತತೆ ನಿಜಕ್ಕೆ ಹತ್ತಿರ. ಆದರೆ ಅದು ಶೇಕಡಾ ನಾಲ್ಕೈದರ ಒಳಗಿರಲಿ. ಅದೃಷ್ಟದ ಹೆಚ್ಚಿನ ಪಾಲು ಚೂರುಗಳು ಎತ್ತ ಸಿಡಿದವು ಎಂಬಲ್ಲಿರಲಿ, ಅದೇ ಅದರ ಸಹಜ ಜಾಗ.

ಸಂಜೆಮಲ್ಲಿಗೆ

ಚೂರುಗಳ ಅದೃಷ್ಟವನ್ನು ನಾನು ಒಪ್ಪುತ್ತೇನೆ, ಅದು ಕಣ್ಣಿಗೆ ಕಾಣುತ್ತದೆ. ಆದರೆ ಸಿಬ್ಬಂದಿ ಹೆದರಿ ತಾವಾಗಿ ಟ್ಯಾಂಕ್ ಬಿಟ್ಟು ಇಳಿಯುವುದನ್ನು ನನ್ನ ಕೈಯಿಂದ ಕಸಿಯಬೇಡಿ. ಅರುಣ್ ಖೇತ್ರಪಾಲ್ ಅವರ ಆಯ್ಕೆ ಅವರದ್ದಾಗಿತ್ತು. ಗೇಮ್‌ನಲ್ಲೂ ಆ ಆಯ್ಕೆ ಆಟಗಾರನದ್ದಾಗಿರಬೇಕು. ಬೆಂಕಿ ಹತ್ತಿದೆ, ತೋಪು ಸರಿಯಿದೆ, ಇಳಿದರೆ ಈ ಅನುಭವಿ ಸಿಬ್ಬಂದಿ ಮುಂದಿನ ಕದನಕ್ಕೆ ಉಳಿಯುತ್ತಾರೆ, ಉಳಿದರೆ ಇನ್ನೊಂದು ಗುಂಡು ಹಾರಿಸಬಹುದು ಎಂದು ನನಗೆ ತಿಳಿಸಿ, ನಿರ್ಧಾರವನ್ನು ನನಗೆ ಬಿಡಿ. ಯಂತ್ರ ಆಡಿಸುವ ಟ್ಯಾಂಕ್‌ಗಳು ಬೇಕಾದರೆ ಹೆದರಿ ಇಳಿಯಲಿ.

ಹೇಮಾವತಿ

ಈ ಕೊನೆಯ ಮಾತು ನಮ್ಮ ಸಾವಿನ ಗೆರೆಯ ಸಮಸ್ಯೆಯನ್ನೇ ಬಿಡಿಸಿತು. ನಾವು ನಿರ್ಧರಿಸಿದ್ದು ಹೀಗೆ: ಗೇಮ್ ಯಾವ ಟ್ಯಾಂಕ್ ಅನ್ನೂ ಸತ್ತಿತೆಂದು ಘೋಷಿಸುವುದಿಲ್ಲ. ಮದ್ದುಗುಂಡು ಸಿಡಿದರೆ ಅಥವಾ ಒಳಗೆ ಯಾರೂ ಉಳಿಯದಿದ್ದರೆ ಮಾತ್ರ ಅದು ತಾನಾಗಿ ಮುಗಿಯುತ್ತದೆ. ಉಳಿದೆಲ್ಲ ಸಂದರ್ಭಗಳಲ್ಲಿ ಆಟಗಾರ ಇಳಿಯಲು ನಿರ್ಧರಿಸುವವರೆಗೆ ಟ್ಯಾಂಕ್ ಏನು ಮಾಡಬಲ್ಲದೋ ಅದನ್ನು ಮಾಡುತ್ತಲೇ ಇರುತ್ತದೆ. ಎದುರಾಳಿಗೂ ಆ ಟ್ಯಾಂಕ್ ಸತ್ತಿದೆಯೇ ಎಂದು ಪರದೆ ಹೇಳುವುದಿಲ್ಲ, ಆತ ಹೊಗೆ, ಬೆಂಕಿ, ತೆರೆದ ಹ್ಯಾಚ್ ನೋಡಿ ಊಹಿಸಬೇಕು. ಅನುಮಾನವಿದ್ದರೆ ಇನ್ನೊಂದು ಶೆಲ್ ಖರ್ಚು ಮಾಡಬೇಕು. ಕದನ ಮುಗಿದ ಮೇಲೆ ಪ್ರತಿ ಹೊಡೆತವನ್ನೂ ಮೇಲಿನ ಕೋಡರ್ ಹೇಳಿದಂತೆ ಮತ್ತೆ ಆಡಿ ತೋರಿಸುತ್ತೇವೆ. ಕದನದ ನಡುವೆ ಆಟಗಾರನಿಗೆ ಕೇಳುವುದು ಸಿಬ್ಬಂದಿಯ ಧ್ವನಿ ಮಾತ್ರ: ಲೋಡರ್ ಉತ್ತರಿಸುತ್ತಿಲ್ಲ, ಟರೆಟ್ ತಿರುಗುತ್ತಿಲ್ಲ, ಎಡ ಟ್ರ್ಯಾಕ್ ಹೋಯಿತು. ಟ್ರ್ಯಾಕ್ ದುರಸ್ತಿ ಕದನದೊಳಗೆ ಇರುವುದಿಲ್ಲ, ಎರಡು ಕದನಗಳ ನಡುವೆ ಮಾತ್ರ.

ಇನ್ನೊಂದು ತೊಡಕು ಉಳಿದಿದೆ. ಪ್ಯಾಂಥರ್‌ನ ತೋಪಿನ ಬುಡದ ದುಂಡು ಕವಚದ ಕೆಳ ಅರ್ಧಕ್ಕೆ ಬಡಿದ ಶೆಲ್‌ಗಳು ಪುಟಿದು ಮಾಯವಾಗುತ್ತಿವೆ. ಪುಟಿದರೆ ಅಲ್ಲಿಗೆ ಶೆಲ್‌ನ ಕಥೆ ಮುಗಿಯಿತು ಎಂದು ನಮ್ಮ ಕೋಡ್ ತಿಳಿದಿದೆ.

ಭದ್ರಾವತಿ ಉಕ್ಕು

ಅದನ್ನು ಖಂಡಿತ ಮುಂದುವರಿಸಬೇಕು. ಆ ದುಂಡು ಕವಚದ ಕೆಳಭಾಗಕ್ಕೆ ಬಡಿದ ಶೆಲ್ ಕೆಳಮುಖವಾಗಿ ಪುಟಿದು ಡ್ರೈವರ್ ಮತ್ತು ರೇಡಿಯೋದವನ ತಲೆಯ ಮೇಲಿನ ಹಲ್ ಛಾವಣಿಗೆ ನುಗ್ಗುತ್ತಿತ್ತು. ಅಲ್ಲಿ ತಗಡು ಕೇವಲ 16 ಮಿ.ಮೀ. ಮುಂದಿನಿಂದ ಪ್ಯಾಂಥರ್ ಅನ್ನು ಹೊಡೆಯಲು ಇದ್ದ ಕೆಲವೇ ದಾರಿಗಳಲ್ಲಿ ಅದೂ ಒಂದು. ಜರ್ಮನ್ನರು 1944ರಲ್ಲಿ ಕವಚದ ಕೆಳಗೆ ಗಲ್ಲದಂತಹ ಏಣು ಸೇರಿಸಿದ್ದು ಇದನ್ನು ತಡೆಯಲೆಂದೇ. ನಿಮ್ಮ 1943ರ ಪ್ಯಾಂಥರ್‌ಗೆ ಆ ಏಣು ಇರಬಾರದು.

ಪುಟಿದ ಶೆಲ್‌ಗೆ ಹೊಸ ದಿಕ್ಕು ಕೊಡಿ, ವೇಗವನ್ನು ಕಡಿಮೆ ಮಾಡಿ, ತುದಿ ಮುಂದಾಗಿಯೇ ಹೋಗುತ್ತದೆ ಎಂದು ಭಾವಿಸದೆ ಭೇದನ ಶಕ್ತಿಯನ್ನು ಇನ್ನಷ್ಟು ತಗ್ಗಿಸಿ, ಮತ್ತೆ ಅದೇ ಭೇದನದ ಲೆಕ್ಕಕ್ಕೆ ಕಳುಹಿಸಿ. ಹಾಗೆ ತಗ್ಗಿಸಿದ ಮೇಲೂ 76 ಮಿ.ಮೀ. ಶೆಲ್‌ಗೆ 16 ಮಿ.ಮೀ. ತಗಡು ಅಡ್ಡಿಯಾಗದು. ಇದೇ ಬದಲಾವಣೆಯಿಂದ ಪ್ಯಾಂಜರ್ 4ರ ಪಕ್ಕದ ತೆಳು ಪರದೆಗಳ ಕೆಲಸವೂ ಸರಿಯಾಗುತ್ತದೆ. ಅವನ್ನು ಕಟ್ಟಿದ್ದು ಸೋವಿಯತ್ ಪದಾತಿಗಳ 14.5 ಮಿ.ಮೀ. ಟ್ಯಾಂಕ್ ನಿರೋಧಕ ರೈಫಲ್‌ಗಳ ವಿರುದ್ಧ. ಪರದೆ ಗುಂಡನ್ನು ನಿಲ್ಲಿಸುವುದಿಲ್ಲ, ದಿಕ್ಕು ಕೆಡಿಸಿ ಓರೆಯಾಗಿಸುತ್ತದೆ. ಓರೆಯಾಗಿ ಬಡಿದ ಗುಂಡನ್ನು ಹಿಂದಿನ 30 ಮಿ.ಮೀ. ತಗಡು ತಡೆಯುತ್ತದೆ. ಎರಡಕ್ಕೂ ಕೋಡ್ ಒಂದೇ ಆಗಬಹುದು.

ಹೇಮಾವತಿ

ಪುಟಿತದ ನಂತರ ಶೆಲ್ ಅನ್ನು ಜೀವಂತವಾಗಿಟ್ಟು ಈಗಷ್ಟೇ ಓಡಿಸಿ ನೋಡಿದೆವು. ಟಿ-34ರ ಶೆಲ್ ದುಂಡು ಕವಚದ ಕೆಳಭಾಗಕ್ಕೆ ಬಡಿದು, ಕೆಳಗೆ ತಿರುಗಿ, ಛಾವಣಿ ಸೀಳಿ ಡ್ರೈವರ್‌ನ ಜಾಗಕ್ಕೆ ಬಂತು. ಪ್ಯಾಂಥರ್ ನಿಂತಲ್ಲೇ ನಿಂತಿತು, ತೋಪು ಮಾತ್ರ ಇನ್ನೂ ತಿರುಗುತ್ತಿತ್ತು. ಪರದೆಗಳ ಲೆಕ್ಕವನ್ನು ಈ ವಾರ ಸೇರಿಸುತ್ತೇವೆ. ಮುಂದಿನ ಆವೃತ್ತಿಯನ್ನು ಪರೀಕ್ಷೆಗಾಗಿ ಇದೇ ಚರ್ಚೆಯಲ್ಲಿ ಹಂಚಿಕೊಳ್ಳುತ್ತೇವೆ. ಹಳೆಯ ಸವಾರರು ಮೊಮ್ಮಕ್ಕಳೊಂದಿಗೆ ಅದನ್ನು ಮೊದಲು ನೋಡಬೇಕೆಂಬುದು ನಮ್ಮ ಕೋರಿಕೆ.